ತೋರಿಸುವ ಬೇಸಾಯ, ಮಾಡುವ ಬೇಸಾಯ

ಹಳೆಯ ಬೇಸಾಯ, ಹಳೆಯ ಅಡುಗೆ, ಹಳೆಯ ಕುಣಿತ ಇವನ್ನೆಲ್ಲ ಬೇಲಿ ಹಾಕಿ, ಟಿಕೆಟ್ಟಿಟ್ಟು ಪೇಟೆಯವರಿಗೆ ತೋರಿಸುವುದು ಸರಿಯೇ? ಇದರ ಬಗ್ಗೆ ನಮ್ಮ ರೈತರಲ್ಲಿ ಎರಡು ಮಾತಿದೆ. ‘ಹೊಟ್ಟೆಗೆ ಹಿಟ್ಟಾಗುತ್ತೆ, ತೋರಿಸಿದರೆ ತಪ್ಪೇನು’ ಅನ್ನೋರು ಕೆಲವರು. ‘ನಾವೇನು ಮೃಗಾಲಯದ ಪ್ರಾಣಿಗಳೇ’ ಅನ್ನೋರು ಕೆಲವರು. ಎರಡು ಮಾತಿನಲ್ಲೂ ಸತ್ಯ ಇದೆ. ಆದರೆ ಎರಡೂ ಪೂರ್ತಿ ಸತ್ಯ ಅಲ್ಲ ಎಂಬುದು ನನ್ನ ಅಭಿಪ್ರಾಯ. ಈ ಕೆಲಸವನ್ನೇ 60 ವರ್ಷಗಳಿಂದ ದೊಡ್ಡ ಪ್ರಮಾಣದಲ್ಲಿ ಮಾಡಿಕೊಂಡು ಬಂದಿರುವ ಒಂದು ಜಾಗವನ್ನು ನೋಡಿ ಬಂದ ಮೇಲೆ ಈ ಅಭಿಪ್ರಾಯ ಗಟ್ಟಿಯಾಯಿತು. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳಲು ಬರೆಯುತ್ತಿದ್ದೇನೆ.

ನಾನು ಓದಿದ್ದು ಏಳನೇ ತರಗತಿ. ಆರು ಎಕರೆ ಕೆಂಪು ಮಣ್ಣಿನ ಮಳೆಯಾಶ್ರಿತ ಭೂಮಿ. ಕಡಲೆಕಾಯಿ, ಅದರೊಳಗೆ ಅಕ್ಕಡಿ ಸಾಲಿಗೆ ತೊಗರಿ, ಮನೆ ಊಟಕ್ಕೆ ರಾಗಿ. ಇಂಥವನು ಹವಾಯಿ ದ್ವೀಪಕ್ಕೆ ಹೇಗೆ ಹೋದ ಅಂತ ನೀವು ಕೇಳಬಹುದು. ಮಗ ಅಮೆರಿಕದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. 2024ರ ಮೇ ತಿಂಗಳಲ್ಲಿ, ಇಲ್ಲಿ ಮುಂಗಾರು ಬಿತ್ತನೆಗೆ ಮುಂಚೆ, ನನ್ನನ್ನೂ ಮನೆಯಾಕೆಯನ್ನೂ ಕರೆಸಿಕೊಂಡು ಒಂದು ವಾರ ಆ ದ್ವೀಪದಲ್ಲಿ ಸುತ್ತಾಡಿಸಿದ. ಖರ್ಚೆಲ್ಲ ಅವನದೇ. ಸಮುದ್ರ, ಮರಳು, ದೊಡ್ಡ ದೊಡ್ಡ ಹೋಟೆಲು ಇವನ್ನೆಲ್ಲ ನೋಡಿದೆವು. ರೈತನಾದ ನನಗೆ ಬರೆಯಬೇಕು ಅನಿಸಿದ್ದು ಮಾತ್ರ ಒಂದೇ ಜಾಗದ ಬಗ್ಗೆ.

ಆರು ಹಳ್ಳಿಗಳ ಊರು

ಹವಾಯಿ ಅಂದರೆ ಪೆಸಿಫಿಕ್ ಮಹಾಸಾಗರದ ನಡುವಿನ ದ್ವೀಪಗಳ ಗುಂಪು. ಈಗ ಅಮೆರಿಕದ ಒಂದು ರಾಜ್ಯ. ಅದರ ರಾಜಧಾನಿ ಹೊನೊಲುಲು ಇರುವುದು ಓವಾಹು ಎಂಬ ದ್ವೀಪದಲ್ಲಿ. ಅಲ್ಲಿಂದ ಕಾರಿನಲ್ಲಿ ಒಂದು ಗಂಟೆಗೂ ಮೀರಿದ ದಾರಿ ಹೋದರೆ ಲಾಯಿಯೆ ಎಂಬ ಊರು. ಆ ಊರಲ್ಲಿ ‘ಪಾಲಿನೇಷ್ಯನ್ ಕಲ್ಚರಲ್ ಸೆಂಟರ್’ ಇದೆ. ಪಾಲಿನೇಷ್ಯ ಅಂದರೆ ಆ ಸಾಗರದಲ್ಲಿ ಚೆಲ್ಲಿದಂತೆ ಹರಡಿರುವ ನೂರಾರು ದ್ವೀಪಗಳ ಸೀಮೆ. ಸಮೋವ, ಟೋಂಗ, ತಾಹಿತಿ, ಹವಾಯಿ, ಮಾವೋರಿ ಜನರ ನ್ಯೂಜಿಲೆಂಡ್, ಅವುಗಳ ನೆರೆಯ ಫಿಜಿ – ಹೀಗೆ ಆರು ಹಳ್ಳಿಗಳನ್ನು 42 ಎಕರೆಯೊಳಗೆ ಕಟ್ಟಿದ್ದಾರೆ. ನಡುವೆ ಒಂದು ಕಾಲುವೆ, ಅದರಲ್ಲಿ ದೋಣಿ. ಪ್ರತಿ ಹಳ್ಳಿಯಲ್ಲೂ ಆಯಾ ದ್ವೀಪದ ಮಾದರಿಯ ಮನೆಗಳು.

ಇದು ಶುರುವಾದದ್ದು 1963ರ ಅಕ್ಟೋಬರ್ 12ರಂದು. ನಡೆಸುತ್ತಿರುವುದು ಮಾರ್ಮನ್ ಎಂದು ಕರೆಯುವ ಕ್ರೈಸ್ತ ಪಂಥದವರು. ಅವರು 1865ರಲ್ಲೇ ಆ ಊರಿನಲ್ಲಿ ಸುಮಾರು 6000 ಎಕರೆ ಜಮೀನು ಕೊಂಡು ಕಬ್ಬು ಬೆಳೆಸಿದ್ದರು. 1948ರಲ್ಲಿ ಸುಟ್ಟುಹೋಗಿದ್ದ ಪ್ರಾರ್ಥನಾ ಮಂದಿರವನ್ನು ಮತ್ತೆ ಕಟ್ಟಲು ಹಣ ಬೇಕಾಯಿತು. ಊರವರೇ ಸೇರಿ ಸಮುದ್ರಕ್ಕೆ ಬಲೆ ಹಾಕಿ ಎಳೆಯುವುದನ್ನು ಪ್ರವಾಸಿಗಳಿಗೆ ತೋರಿಸಿ, ಊಟ ಹಾಕಿ, ಕುಣಿದು ದುಡ್ಡು ಕೂಡಿಸಿದರು. ಆ ರೂಢಿಯೇ ಬೆಳೆದು ಈ ಸೆಂಟರ್ ಆಯಿತು. ಅಂದ್ರೆ ಮೂಲದಲ್ಲಿ ಇದು ಊರವರ ಕೈಯಿಂದಲೇ ಬಂದ ಉಪಾಯ. ಇದನ್ನು ನೆನಪಿಟ್ಟುಕೊಳ್ಳಿ.

ಟಿಕೆಟ್ ದರ ಮಾತ್ರ ನಮ್ಮಂಥವರ ಎದೆ ಒಡೆಯುವಂಥದ್ದು. ಊಟ, ರಾತ್ರಿಯ ಆಟ ಎರಡೂ ಸೇರಿದರೆ ತಲೆಗೆ ನೂರು ಡಾಲರಿಗೂ ಮೇಲೆ. ನಮ್ಮ ಲೆಕ್ಕದಲ್ಲಿ ಎಂಟು ಸಾವಿರ ರೂಪಾಯಿ ದಾಟುತ್ತೆ. ಆ ವರ್ಷ ಕಡಲೆಕಾಯಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 6783 ರೂಪಾಯಿ. ಒಬ್ಬರ ಟಿಕೆಟ್ಟಿಗೆ ಒಂದು ಕ್ವಿಂಟಾಲ್ ಕಾಯಿ ಮಾರಿದರೂ ಸಾಲದು.

ಕಂಡದ್ದು

ಸಮೋವ ಹಳ್ಳಿಯಲ್ಲಿ ಒಬ್ಬ ಹುಡುಗ ಬರಿಗಾಲಲ್ಲಿ ತೆಂಗಿನ ಮರ ಹತ್ತಿದ. ಇನ್ನೊಬ್ಬ ನೆಲಕ್ಕೆ ನೆಟ್ಟ ಚೂಪು ಗೂಟಕ್ಕೆ ಕಾಯಿ ಚುಚ್ಚಿ ಮೂರು ಏಟಿಗೆ ಸಿಪ್ಪೆ ಬಿಡಿಸಿದ. ನಾವು ಕಬ್ಬಿಣದ ಹಾರೆ ನೆಡುತ್ತೇವೆ, ಅವರದು ಮರದ ಗೂಟ, ಅಷ್ಟೇ ವ್ಯತ್ಯಾಸ. ಕಾಯಿಯನ್ನು ಚಿಕ್ಕ ಕಲ್ಲಿನಿಂದ ಸುತ್ತ ತಟ್ಟಿ ಸರಿಯಾಗಿ ಎರಡು ಹೋಳು ಮಾಡಿದ. ತುರಿದ ಕಾಯಿಯನ್ನು ನಾರಿನಲ್ಲಿ ಸುತ್ತಿ ಹಿಂಡಿ ಹಾಲು ತೆಗೆದ. ಎರಡು ಕಟ್ಟಿಗೆ ಉಜ್ಜಿ, ಅದೇ ಸಿಪ್ಪೆಯ ನಾರಿಗೆ ಬೆಂಕಿ ಹಿಡಿಸಿದ. ಮಾತಿಗೆ ಮಾತು ಸೇರಿಸಿ ಜನರನ್ನು ನಗಿಸುತ್ತಾ ಮಾಡಿದ. ಮನೆಯಾಕೆ, ‘ನಮ್ಮೂರ ಕಾಯಿ ಸುಲಿಯೋರು ಇಷ್ಟೇ ಚುರುಕಾಗಿ ಸುಲೀತಾರೆ, ಅವರಿಗೆ ಚಪ್ಪಾಳೆ ತಟ್ಟಿದವರು ಯಾರೂ ಇಲ್ಲ’ ಅಂದಳು. ನಿಜವಾದ ಮಾತು.

ಹವಾಯಿ ಹಳ್ಳಿಯಲ್ಲಿ ಕೆಸುವಿನ ಗದ್ದೆ ಇತ್ತು. ನೀವು ಮಲೆನಾಡು, ಕರಾವಳಿಯವರು ಪತ್ರೊಡೆ ಮಾಡುವ ಅದೇ ಜಾತಿಯ ಕೆಸು. ಅವರು ಇದಕ್ಕೆ ‘ಕಾಲೊ’ ಅಂತಾರೆ. ನಮಗೆ ರಾಗಿ ಹೇಗೋ ಅವರಿಗೆ ಕೆಸು ಹಾಗೆ. ಗೆಡ್ಡೆಯನ್ನು ಬೇಯಿಸಿ, ಮರದ ಹಲಗೆ ಮೇಲಿಟ್ಟು, ಕಲ್ಲಿನ ಗುಂಡಿನಿಂದ ಕುಟ್ಟಿ, ನೀರು ಸೇರಿಸುತ್ತಾ ಹದ ಮಾಡುತ್ತಾರೆ. ಅದೇ ‘ಪೋಯಿ’. ಒಂದೆರಡು ದಿನ ಇಟ್ಟರೆ ಹುಳಿ ಬರುತ್ತದೆ, ಹಾಗೇ ಉಣ್ಣುವವರೂ ಇದ್ದಾರೆ. ನಾನು ಬಾಯಿಗಿಟ್ಟೆ. ಬಣ್ಣ ನೇರಳೆ, ಹದ ನಮ್ಮ ಅಂಬಲಿಗೂ ಮುದ್ದೆಗೂ ನಡುವೆ. ಪಕ್ಕದಲ್ಲಿದ್ದ ಪ್ರವಾಸಿಗಳು ಮುಖ ಹಿಂಡಿದರು. ಹುಳಿ ಅಂಬಲಿ ಕುಡಿದು ಬೆಳೆದವನಿಗೆ ಅದೇನೂ ಕಷ್ಟ ಆಗಲಿಲ್ಲ.

ಅಲ್ಲಿ ಹೇಳಿದ ಕಥೆಯೊಂದು ಮನಸ್ಸಲ್ಲಿ ಉಳಿದಿದೆ. ಆಕಾಶದ ದೇವರಿಗೆ ಹುಟ್ಟಿದ ಮೊದಲ ಮಗು ಉಸಿರಿಲ್ಲದೆ ಹುಟ್ಟಿತಂತೆ. ಅದನ್ನು ಹೂತ ಜಾಗದಲ್ಲಿ ಕೆಸುವಿನ ಗಿಡ ಮೊಳೆಯಿತು. ಎರಡನೆಯ ಮಗುವೇ ಹವಾಯಿ ಜನರ ಮೂಲಪುರುಷ. ಹಾಗಾಗಿ ಕೆಸು ಅವರಿಗೆ ಅಣ್ಣ. ತಮ್ಮ ಅಣ್ಣನನ್ನು ನೋಡಿಕೊಳ್ಳಬೇಕು, ಅಣ್ಣ ತಮ್ಮನಿಗೆ ಅನ್ನ ಕೊಡಬೇಕು. ಸಂಸಾರಕ್ಕೆ ಅವರು ಹೇಳುವ ‘ಒಹಾನ’ ಎಂಬ ಮಾತು ಕೆಸುವಿನ ಬುಡದಲ್ಲಿ ಒಡೆಯುವ ಮರಿಯ ಹೆಸರಿನಿಂದಲೇ ಬಂದದ್ದು. ನಾವೂ ಬಾಳೆಯ ಮರಿಗೆ ಕಂದು ಅಂತೀವಿ, ಮಗುವಿಗೆ ಕಂದ ಅಂತೀವಿ. ಎಷ್ಟು ದೂರದ ಜನ, ಎಷ್ಟು ಹತ್ತಿರದ ಬುದ್ಧಿ!

ಹತ್ತಿರ ಇರುವುದಕ್ಕೆ ಕಾರಣವೂ ಇದೆ. ಆ ಜನರ ಹಿರಿಯರು ಸುಮಾರು ಸಾವಿರ ವರ್ಷಗಳ ಹಿಂದೆ ಜೋಡಿ ದೋಣಿಗಳಲ್ಲಿ ಸಾವಿರಾರು ಮೈಲಿ ದಾಟಿ ಹವಾಯಿಗೆ ಬಂದಾಗ ಬಿತ್ತನೆಯನ್ನೂ ಜೊತೆಗೆ ತಂದರು. ಕೆಸು, ತೆಂಗು, ಬಾಳೆ, ಕಬ್ಬು, ಅರಿಶಿನ, ಗೆಣಸು. ಗೆಣಸೊಂದನ್ನು ಬಿಟ್ಟರೆ ಇವೆಲ್ಲ ಮೂಲದಲ್ಲಿ ನಮ್ಮ ಕಡೆಯ ದಿಕ್ಕಿನಿಂದ ಹೋದವೇ. ನಮ್ಮಲ್ಲಿ ಬಾಟಲಿಯಲ್ಲಿ ದುಬಾರಿ ಬೆಲೆಗೆ ಮಾರುವ ನೋನಿಯೂ ಆ ದೋಣಿಯಲ್ಲಿತ್ತು. ಲೋಹ ಇಲ್ಲ, ಮಡಕೆ ಇಲ್ಲ, ದನ ಇಲ್ಲ. ಕಟ್ಟಿಗೆಯ ಗುದ್ದಲಿಕೋಲಿನಲ್ಲೇ ಬೇಸಾಯ, ನೆಲದ ಗುಂಡಿಯಲ್ಲಿ ಕಾದ ಕಲ್ಲಿನ ಮೇಲೆ ಅಡುಗೆ. ಇಷ್ಟರಲ್ಲೇ ಒಂದು ಜನಾಂಗ ಹೊಟ್ಟೆ ತುಂಬಿಸಿಕೊಂಡಿತು. ಇದನ್ನು ಪ್ರಪಂಚದ ಮುಂದೆ ತಲೆ ಎತ್ತಿ ತೋರಿಸುತ್ತಾರಲ್ಲ, ಅದನ್ನು ನಾನು ಮೆಚ್ಚಿದೆ.

ತೋರಿಸದೆ ಬಿಟ್ಟದ್ದು

ಆದರೆ ರೈತನ ಕಣ್ಣಿಗೆ ಒಂದು ಕೊರತೆ ಕಂಡಿತು. ನಾವು ನೋಡಿದ ಆಟಗಳಲ್ಲಿ, ಕೇಳಿದ ಮಾತುಗಳಲ್ಲಿ ಬೆಳೆ ಹೋದ ವರ್ಷ ಇರಲಿಲ್ಲ. ನೀರಿನ ಜಗಳ ಇರಲಿಲ್ಲ. ರೋಗ, ಸಾಲ ಇರಲಿಲ್ಲ. ಎಲ್ಲರೂ ನಗುತ್ತಾ ಕುಟ್ಟುತ್ತಾರೆ, ನಗುತ್ತಾ ಸುಲಿಯುತ್ತಾರೆ. ಬೇಸಾಯ ಅಂದರೆ ಇಷ್ಟೇ ಅಂತ ನೋಡಿದವರು ಮನೆಗೆ ಹೋಗುತ್ತಾರೆ.

ಸಮೋವದ ಕೆಸುವಿನ ವಿಚಾರವನ್ನೇ ನೋಡಿ. 1993ರಲ್ಲಿ ಆ ದೇಶಕ್ಕೆ ಎಲೆ ಅಂಗಮಾರಿ ರೋಗ ಬಂತು. ನಮ್ಮ ಅಡಿಕೆಯ ಕೊಳೆರೋಗ ತರುವ ಶಿಲೀಂಧ್ರದ ಕುಲದ್ದೇ ಇದು. ಆಗ ಅಲ್ಲಿಯ ರೈತರು ಹೊರದೇಶಕ್ಕೆ ಮಾರಲು ಹೆಚ್ಚಾಗಿ ಒಂದೇ ತಳಿ ಹಾಕಿದ್ದರು. ಎಲ್ಲೆಲ್ಲೂ ಅದೇ ತಳಿ ಇದ್ದದ್ದರಿಂದ ತೋಟಕ್ಕೆ ತೋಟವೇ ಹೋಯಿತು, ಕೆಸುವಿನ ರಫ್ತು ನಿಂತೇ ಹೋಯಿತು. ಇದು ತೆಂಗಿನಕಾಯಿ ಸುಲಿಯುವ ಆಟಕ್ಕಿಂತ ನಮಗೆ ಹೆಚ್ಚು ಬೇಕಾದ ಪಾಠ.

ನೀರಿನ ಕಥೆ ಇನ್ನೂ ದೊಡ್ಡದು. ಹೊನೊಲುಲುವಿನಿಂದ ಲಾಯಿಯೆಗೆ ಹೋಗುವ ಸಮುದ್ರ ದಂಡೆಯ ದಾರಿಯಲ್ಲಿ ವೈಯಾಹೋಲೆ ಎಂಬ ಕಣಿವೆ ಸಿಗುತ್ತದೆ. ಮಗ ಅಲ್ಲಿ ಕಾರು ನಿಲ್ಲಿಸಿದ. ರಸ್ತೆ ಬದಿಯಲ್ಲಿ ಹಳೆಯ ಪೋಯಿ ಕಾರ್ಖಾನೆ ಇದೆ, ಈಗ ಅಲ್ಲಿ ಊಟ ಸಿಗುತ್ತದೆ. ಈ ದ್ವೀಪದ ನಡುವೆ ಬೆಟ್ಟದ ಸಾಲಿದೆ. ಬೆಟ್ಟದ ಈ ಮಗ್ಗುಲಿಗೆ ಮಲೆನಾಡಿನಂತೆ ಮಳೆ, ಆ ಮಗ್ಗುಲಿಗೆ ನಮ್ಮ ಬಯಲುಸೀಮೆಯಂತೆ ಒಣಹವೆ. ಮಳೆ ಇರುವ ಕಡೆ ರೈತರು ಹೊಳೆಯಿಂದ ಸಣ್ಣ ಕಾಲುವೆ ತೆಗೆದು ಕೆಸುವಿನ ಗದ್ದೆಗೆ ನೀರು ಹರಿಸಿ, ಮತ್ತೆ ಹೊಳೆಗೇ ಬಿಡುತ್ತಿದ್ದರು. ನೀರಿಗೆ ಅವರ ಭಾಷೆಯಲ್ಲಿ ‘ವೈ’. ಐಶ್ವರ್ಯಕ್ಕೆ ‘ವೈವೈ’. ನೀರನ್ನು ಎರಡು ಸಲ ಹೇಳಿದರೆ ಅದೇ ಐಶ್ವರ್ಯ! ಬರದ ನಾಡಿನವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಬ್ಬಿನ ಕಂಪನಿಗಳು ಬಂದ ಮೇಲೆ ಲೆಕ್ಕ ತಿರುಗಿತು. 1916ರ ಹೊತ್ತಿಗೆ ಬೆಟ್ಟ ಕೊರೆದು ಸುರಂಗ ಮಾಡಿ, ಈ ಮಗ್ಗುಲಿನ ನೀರನ್ನು ಆ ಮಗ್ಗುಲಿನ ಕಬ್ಬಿಗೆ ಒಯ್ದರು. ದಿನಕ್ಕೆ ಸುಮಾರು 10 ಕೋಟಿ ಲೀಟರ್. ಹೊಳೆ ಬಡವಾಯಿತು, ಕೆಸುವಿನ ಗದ್ದೆಗಳು ಒಣಗಿದವು. ಎಂಬತ್ತು ವರ್ಷ ಹೀಗೇ ನಡೆಯಿತು. 1995ರಲ್ಲಿ ಆ ಸಕ್ಕರೆ ಕಂಪನಿ ಬಾಗಿಲು ಹಾಕಿತು. ಆ ಹೊತ್ತಿಗೆ ಕಣಿವೆಯ ಸಣ್ಣ ರೈತರು ‘ಕಬ್ಬೇ ಇಲ್ಲದ ಮೇಲೆ ನಮ್ಮ ನೀರು ನಮ್ಮ ಹೊಳೆಗೆ ಬರಲಿ’ ಎಂದು ಹೋರಾಟಕ್ಕಿಳಿದಿದ್ದರು. 2000ದಲ್ಲಿ ಹವಾಯಿಯ ಸುಪ್ರೀಂ ಕೋರ್ಟು ‘ನೀರು ಸಾರ್ವಜನಿಕರ ಸ್ವತ್ತು, ಸರ್ಕಾರ ಅದರ ಕಾವಲುಗಾರ’ ಎಂಬ ಅರ್ಥದ ತೀರ್ಪು ಕೊಟ್ಟಿತು. ಒಂದಷ್ಟು ನೀರು ಹೊಳೆಗೆ ವಾಪಸ್ಸು ಬಂತು. ಅದರಿಂದ ಮತ್ತೆ ಕೆಸು ನಾಟಿಯಾಯಿತು. ಹವಾಯಿಯ ಕಟ್ಟಕಡೆಯ ಕಬ್ಬಿನ ಎಸ್ಟೇಟು 2016ರಲ್ಲಿ ನಿಂತಿತು. ನೂರೈವತ್ತು ವರ್ಷ ನೆಲ, ನೀರು ಎರಡನ್ನೂ ಹೀರಿದ ಬೆಳೆ ಹೋದ ಮೇಲೆ ಉಳಿದದ್ದು ಖಾಲಿ ಹೊಲ, ಹೋಟೆಲು, ಮತ್ತು ಹೊರಗಿನಿಂದ ಹಡಗಿನಲ್ಲಿ ಬರುವ ಅನ್ನ. ಇವತ್ತು ಹವಾಯಿ ಜನ ತಿನ್ನುವ ಆಹಾರದಲ್ಲಿ ಬಹುಪಾಲು ಹೊರಗಿನದೇ.

ಬಿತ್ತನೆಯ ಕಥೆಯೂ ಇದೆ. ಅಲ್ಲಿಯ ವಿಶ್ವವಿದ್ಯಾಲಯದವರು ರೋಗ ತಡೆಯುವ ಮೂರು ಕೆಸುವಿನ ಮಿಶ್ರತಳಿ ಮಾಡಿ 2002ರಲ್ಲಿ ಪೇಟೆಂಟ್ ಪಡೆದರು. ಅಂದರೆ ಆ ತಳಿ ನೆಡಬೇಕಾದರೆ ರೈತ ಪರವಾನಗಿ ಪಡೆದು ಹಣ ಕಟ್ಟಬೇಕು. ರೈತರೂ ಹವಾಯಿ ಮೂಲದ ಜನರೂ ತಿರುಗಿಬಿದ್ದರು. ‘ಕೆಸು ನಮ್ಮ ಅಣ್ಣ, ಅಣ್ಣನಿಗೆ ಯಾರಾದರೂ ಒಡೆಯರಾಗುತ್ತಾರಾ’ ಎಂಬುದು ಅವರ ವಾದದ ಸಾರ. 2006ರಲ್ಲಿ ವಿಶ್ವವಿದ್ಯಾಲಯ ಪೇಟೆಂಟನ್ನು ಬಿಟ್ಟುಕೊಟ್ಟಿತು. ಗಮನಿಸಿ, ಪ್ರವಾಸಿಗಳಿಗೆ ಹೇಳುವ ಅದೇ ಕಥೆ ಗದ್ದೆಯಲ್ಲಿ ಕಾಲಿಟ್ಟವನ ಬಾಯಲ್ಲಿ ಆಯುಧವಾಯಿತು. ಕಥೆಗೆ ಬಲ ಬರುವುದು ಗದ್ದೆ ಇದ್ದಾಗ. ಗದ್ದೆ ಹೋದರೆ ಅದೂ ಒಂದು ಮನರಂಜನೆ.

ಮೆಚ್ಚಬೇಕಾದದ್ದು

ಹಾಗಂತ ಆ ಸೆಂಟರನ್ನು ನಾನು ತೆಗಳುವುದಿಲ್ಲ. ಒಂದು ಏರ್ಪಾಡು ನನಗೆ ಬಹಳ ಹಿಡಿಸಿತು. ಅಲ್ಲಿ ಕುಣಿಯುವ, ಮರ ಹತ್ತುವ, ದೋಣಿ ನಡೆಸುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಪಕ್ಕದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ದೂರದ ದ್ವೀಪಗಳಿಂದ ಬಂದ ಬಡವರ ಮಕ್ಕಳೂ ಇದ್ದಾರೆ. ಓದಿನ ದಿನಗಳಲ್ಲಿ ವಾರಕ್ಕೆ ಸುಮಾರು 20 ಗಂಟೆ ಇಲ್ಲಿ ದುಡಿದು ಓದಿನ ಖರ್ಚು ತೀರಿಸಿಕೊಳ್ಳುತ್ತಾರೆ. ಸೆಂಟರ್ ಲಾಭಕ್ಕಾಗಿ ನಡೆಯುವ ಕಂಪನಿ ಅಲ್ಲ.

ಸಮೋವ ಹಳ್ಳಿಯ ಒಬ್ಬ ಹುಡುಗನನ್ನು ಮಗನ ಮೂಲಕ ಮಾತಾಡಿಸಿದೆ. ‘ಏನಪ್ಪಾ ಓದ್ತೀಯಾ?’ ಅಂದೆ. ಲೆಕ್ಕಪತ್ರದ ಓದು ಅಂದ. ‘ಊರಲ್ಲಿ ಯಾರಿದ್ದಾರೆ?’ ‘ಅಪ್ಪ ಇದ್ದಾರೆ, ಕೆಸು, ತೆಂಗು ಬೆಳೀತಾರೆ.’ ‘ನಿನಗೆ ಇದನ್ನೆಲ್ಲ ಕಲಿಸಿದ್ದು ಯಾರು, ಇಲ್ಲಿಯವರಾ?’ ‘ಇಲ್ಲ, ನಮ್ಮಪ್ಪನೇ. ದಿನಾ ಸ್ಕೂಲಿಗೆ ಹೋಗೋ ಮುಂಚೆ ಹಂದಿಗೆ ಹಾಕೋಕೆ ಇಪ್ಪತ್ತು ಕಾಯಿ ಸುಲೀತಿದ್ದೆ’ ಅಂದ. ನಾನು ಬಂದದ್ದು ಎಲ್ಲಿಂದ, ಬೆಳೆ ಏನು ಅಂತ ಅವನೂ ಕೇಳಿದ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀವು ನಮ್ಮಪ್ಪನ ಹತ್ತಿರ ಮಾತಾಡಬೇಕಿತ್ತು’ ಅಂದ. ಅವನ ಕೈಯ ಗಂಟು ನೋಡಿದೆ. ಅದು ಆಟಗಾರನ ಕೈ ಅಲ್ಲ, ಕೆಲಸಗಾರನ ಕೈ. ಆ ಹಳ್ಳಿಯಲ್ಲಿ ಜೀವ ಇರುವುದು ಇಂಥ ಕೈಗಳಿಂದ. ಇಪ್ಪತ್ತು ವರ್ಷ ಕಳೆದ ಮೇಲೆ ಅಪ್ಪನಿಂದ ಕಲಿತವರು ಬರದೆ, ತರಬೇತಿಯಲ್ಲಿ ಕಲಿತವರೇ ಬಂದರೆ ಆಗ ಏನು ಉಳಿಯುತ್ತೆ? ಕಾಯಿ ಸುಲಿಯುವುದು ಉಳಿಯುತ್ತೆ. ಯಾಕೆ ಸುಲಿಯುತ್ತಿದ್ದರು ಅನ್ನುವುದು ಉಳಿಯಲ್ಲ.

ನಮ್ಮ ಮುಂದಿರುವ ಪ್ರಶ್ನೆ

ಇದನ್ನೆಲ್ಲ ಇಲ್ಲಿ ಬರೆಯಲು ಕಾರಣ ಇದೆ. ಹಳ್ಳಿ ತೋರಿಸುವ ವ್ಯಾಪಾರ ನಮ್ಮ ಬಯಲುಸೀಮೆಗೂ ಬಂದಿದೆ. ರಾಮನಗರದ ಜಾನಪದ ಲೋಕದಂಥ ಕಡೆ ಹಳೆಯ ಪರಿಕರಗಳನ್ನು ಗೌರವದಿಂದ ಕೂಡಿಟ್ಟಿದ್ದಾರೆ, ಅದು ಬೇರೆ ಮಾತು. ನಾನು ಹೇಳುತ್ತಿರುವುದು ಜಮೀನು ಕೇಳಿಕೊಂಡು ಬರುವವರ ಬಗ್ಗೆ. ನಮ್ಮೂರಲ್ಲಿ ಹೆದ್ದಾರಿಗೆ ಹತ್ತಿರದ ಹನ್ನೆರಡು ಎಕರೆ ಒಟ್ಟಿಗೆ ಬೇಕೆಂದು ಪೇಟೆಯ ಒಬ್ಬರು ಮೂರು ಸಲ ಬಂದು ಹೋಗಿದ್ದಾರೆ. ಗಾಣ, ಕಪಿಲೆ, ಬೀಸುಕಲ್ಲು, ಎತ್ತಿನ ಗಾಡಿ ಎಲ್ಲಾ ಇಡುತ್ತಾರಂತೆ. ಜಮೀನು ಕ್ರಯಕ್ಕೆ ಕೊಡಬೇಕು. ನಾವೇ ಪಂಚೆ ಉಟ್ಟು ಕೂರಿಗೆ ಹಿಡಿದು ತೋರಿಸಿದರೆ ದಿನಗೂಲಿ ಕೊಡುತ್ತಾರೆ. ಆ ಹನ್ನೆರಡರಲ್ಲಿ ಎರಡೂವರೆ ಎಕರೆ ನನ್ನದು, ಉಳಿದದ್ದು ನಾಲ್ಕು ಮನೆಯವರದು. ಒಬ್ಬರಿಗೆ ಮಗಳ ಮದುವೆ ಇದೆ, ಇನ್ನೊಬ್ಬರಿಗೆ ಬೋರ್‌ವೆಲ್ ಸಾಲ ಇದೆ. ‘ಮಳೆ ನಂಬಿ ಕೂರೋದಕ್ಕಿಂತ ಇದೇ ಮೇಲಲ್ವಾ?’ ಅಂತ ಅವರು ಕೇಳಿದರೆ ಸುಲಭವಾಗಿ ಬಾಯಿ ಮುಚ್ಚಿಸಲಾಗದು.

ಈ ವ್ಯಾಪಾರ ಬೇಡವೇ ಬೇಡ ಅಂತ ನಾನು ಹೇಳಲಾರೆ. ಬರಗಾಲದಲ್ಲಿ ಮನೆಗೆ ನಾಲ್ಕು ಕಾಸು ಬಂದರೆ ಯಾರಿಗೆ ಬೇಡ? ಆದರೆ ಲಾಯಿಯೆಯಲ್ಲಿ ಕಂಡದ್ದನ್ನೂ ವೈಯಾಹೋಲೆಯಲ್ಲಿ ಕೇಳಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕೆಲವು ಷರತ್ತು ಬೇಕೇ ಬೇಕು ಅನಿಸುತ್ತದೆ.

ಒಂದು: ಜಮೀನು ಮಾರಬಾರದು. ತೋರಿಸುವುದಾದರೆ ನಮ್ಮ ಹೊಲದಲ್ಲಿ, ನಮ್ಮ ಹೆಸರಿನ ಪಹಣಿಯಲ್ಲೇ ತೋರಿಸಬೇಕು. ಲಾಯಿಯೆಯವರು 1948ರಲ್ಲಿ ಬಲೆ ಎಳೆದದ್ದು ತಮ್ಮ ಊರಿನ ಕೆಲಸಕ್ಕೆ, ತಾವೇ ಸೇರಿಕೊಂಡು. ಐದು ಮನೆಯವರು ಸೇರಿ ಸಂಘ ಮಾಡಿಕೊಂಡರೆ ಇದು ಆಗದ ಮಾತಲ್ಲ.

ಎರಡು: ಬಂದ ಹಣದಲ್ಲಿ ಪಾಲು ಇರಬೇಕು, ಬರೀ ಕೂಲಿ ಅಲ್ಲ. ನಮ್ಮ ಅಪ್ಪ ಅಜ್ಜಂದಿರು ಕಲಿಸಿದ್ದನ್ನು ಮಾರಿ ಬೇರೆಯವರು ಲಾಭ ಮಾಡಿ, ನಮಗೆ ಸಂಜೆಗೆ ಕೂಲಿ ಎಣಿಸುವುದು ನ್ಯಾಯವಲ್ಲ. ಅಲ್ಲಿ ಹುಡುಗರ ಓದಿಗೆ ಹೋಗುವಂತೆ ಇಲ್ಲೂ ಒಂದು ಭಾಗ ಊರ ಮಕ್ಕಳ ಓದಿಗೆ ಹೋಗಲಿ.

ಮೂರು: ಬೆಳೆ ನಿಜವಾಗಿರಬೇಕು. ಅಕ್ಕಡಿ ಸಾಲು ತೋರಿಸಿದರೆ ಆ ತೊಗರಿಯನ್ನು ಕೊಯ್ದು ಒಕ್ಕಿ ಉಣ್ಣಬೇಕು. ಮಳೆ ಬಾರದ ವರ್ಷ ಬಂದವರಿಗೆ ಒಣಗಿದ ಹೊಲವನ್ನೇ ತೋರಿಸಬೇಕು. ಬೋರ್‌ವೆಲ್ ನೀರು ಬಿಟ್ಟು ಹಸಿರು ಮಾಡಿ ತೋರಿಸಿದರೆ ಅದು ಸುಳ್ಳು. ರಾಗಿಯ ದರ ಎಷ್ಟು, ಬೆಳೆಯಲು ತಗಲಿದ ಖರ್ಚು ಎಷ್ಟು ಎಂದು ಹಲಗೆಯಲ್ಲಿ ಬರೆದು ಹಾಕಬೇಕು. ಪೇಟೆಯವರು ಫೋಟೋದ ಜೊತೆ ಆ ಲೆಕ್ಕವನ್ನೂ ತೆಗೆದುಕೊಂಡು ಹೋಗಲಿ.

ನಾಲ್ಕು: ನೀರು. ಈಜುಕೊಳ, ಹುಲ್ಲುಹಾಸು ಅಂತ ಹೊಸ ಬೋರ್ ಕೊರೆಯುವುದಾದರೆ ಊರಿನ ಕುಡಿಯುವ ನೀರಿಗೆ ಕುತ್ತು. ಇದಕ್ಕೆ ಗ್ರಾಮಸಭೆಯ ಒಪ್ಪಿಗೆ ಬೇಕೆಂದು ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಬೇಕು. ಒಮ್ಮೆ ಬೆಟ್ಟ ದಾಟಿ ಹೋದ ನೀರನ್ನು ವಾಪಸ್ಸು ತರಲು ಆ ಜನಕ್ಕೆ ಎಂಬತ್ತು ವರ್ಷ ಬೇಕಾಯಿತು, ನೆನಪಿರಲಿ.

ಈ ನಾಲ್ಕಕ್ಕೆ ಒಪ್ಪಿದರೆ ನನ್ನ ಎರಡೂವರೆ ಎಕರೆಯಲ್ಲಿ ಜನ ಬಂದು ನೋಡಲಿ, ನಾನೇ ನಿಂತು ಕೂರಿಗೆ ಸಡ್ಡೆ ಹಿಡಿಯುವುದನ್ನು ಕಲಿಸುತ್ತೇನೆ. ಒಪ್ಪದಿದ್ದರೆ ಕಡಲೆಕಾಯಿ ಬಿತ್ತುತ್ತೇನೆ. ನಾಲ್ಕು ಮನೆಯವರಿಗೂ ಇದನ್ನೇ ಹೇಳಿದ್ದೇನೆ. ಇಬ್ಬರು ತಲೆದೂಗಿದ್ದಾರೆ, ಇಬ್ಬರು ಯೋಚಿಸುತ್ತಿದ್ದಾರೆ.

ಓದುಗ ಬಂಧುಗಳಲ್ಲಿ ಕೃಷಿ ಪ್ರವಾಸೋದ್ಯಮ ಮಾಡಿ ಅನುಭವ ಇದ್ದವರು ಖಂಡಿತ ಇರುತ್ತೀರಿ. ಕರಾರು ಪತ್ರ ಹೇಗೆ ಮಾಡಿಕೊಂಡಿರಿ, ಸಂಘದ ಲೆಕ್ಕ ಹೇಗೆ ಇಡುತ್ತೀರಿ, ಕೈ ಸುಟ್ಟುಕೊಂಡದ್ದು ಎಲ್ಲಿ ಎಂಬುದನ್ನು ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ನಮ್ಮ ಐದು ಮನೆಗಳಿಗೆ ಅಷ್ಟೇ ಅಲ್ಲ, ಹೆದ್ದಾರಿ ಹತ್ತಿರ ಜಮೀನಿರುವ ಎಷ್ಟೋ ಸಣ್ಣ ರೈತರಿಗೆ ಅದು ಉಪಯೋಗಕ್ಕೆ ಬರುತ್ತದೆ.